ಅಂಗಡಿ ಹೆಚ್ಚಿಸಿದ್ದು

ಡೊಂಬಿವಲಿ (ಪೂರ್ವ)
ಚೈತ್ರ ಮಾಸ, ಭಾನುವಾರ ಮಧ್ಯಾಹ್ನ

ಚಿರಂಜೀವಿ ಕೇತಕಿಗೆ,

ನಿನ್ನ ಆಯಿಯ ತುಂಬು ಆಶೀರ್ವಾದ. ಬಾಬಾ ಕೂಡ ಆಶೀರ್ವಾದ ತಿಳಿಸು ಎಂದರು, ಪೇಪರಿನಿಂದ ತಲೆ ಎತ್ತದೆ.

ಕಾಗದ ನೋಡಿ ಗಾಬರಿಯಾಗಬೇಡ. ಈ ಕಾಲದಲ್ಲಿ ಅಂಚೆಯವನು ಕಾಗದ ತಂದರೆ ಯಾರೋ ಹೋದರು ಅಂತಲೇ ಅರ್ಥ ಎಂದು ನಿನ್ನ ಬಾಬಾ ಹೆದರಿಸಿದರು. ಯಾರೂ ಹೋಗಿಲ್ಲ. ನನಗಂತೂ ಹೋಗಲಿಕ್ಕೆ ಪುರುಸೊತ್ತೇ ಇಲ್ಲ.

ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಹೋದ ವಾರ ನೀನು ಫೋನಿನಲ್ಲಿ ಎರಡು ಸಲ ಕೇಳಿದೆ, "ಆಯಿ, ನಿನಗ ಸಂತೋಷ ಆಗಿಲ್ಲೇನು?" ಎಂದು. ಎರಡು ಸಲವೂ ನಾನು "ತಡಿ, ಗಿರಾಕಿ ಬಂದಾರ" ಎಂದು ಇಟ್ಟುಬಿಟ್ಟೆ. ಗಿರಾಕಿ ಬಂದದ್ದೇನೋ ಖರೆ. ಆದರೆ ಬರದಿದ್ದರೂ ಅದನ್ನೇ ಹೇಳುತ್ತಿದ್ದೆ.

ಫೋನು ಈಗ ನನ್ನದಲ್ಲ ಮಗಳೇ, ಅದು ಊರಿನ ಹೆಂಗಸರದು. ಕಿವಿಗೆ ಹಿಡಿದು ನಿನ್ನ ಹೆಸರು ಕರೆಯುವಷ್ಟರಲ್ಲಿ ಒಳಗಿನಿಂದ ಟುಂಯ್ ಟುಂಯ್ ಶುರು. "ಕಾಕು, ನನ್ನ ಸೊಂಟ ಎರಡಿಂಚು ಇಳದದ." "ಕಾಕು, ನನ್ನ ಸೊಂಟ ಎರಡಿಂಚು ಏರೇದ." "ಕಾಕು, ನಮ್ಮ ನಾದಿನಿಗೂ ಒಂದು ಬೇಕಂತ, ನಾಳಿಗೇ." ಅದಕ್ಕೇ ನಿನ್ನ ಹಳೇ ಶಾಲೆಯ ವಹಿಯಿಂದ ಹಾಳೆ ಹರಿದುಕೊಂಡು ಕತ್ತರಿಸುವ ಮೇಜಿನ ಮೇಲೆ ಬರೆಯಲು ಕೂತಿದ್ದೇನೆ. ಕಾಗದದ ಒಳಗಿನಿಂದ ಯಾರೂ ಅಳತೆ ಹೇಳುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ. ಇಲ್ಲ ಕೇತಕಿ, ಸಂತೋಷ ಆಗಿಲ್ಲ. ಯಾಕೆ ಆಗಿಲ್ಲ ಎಂಬುದನ್ನು ಮೊದಲಿನಿಂದ ಹೇಳದಿದ್ದರೆ ನಿನಗೆ ತಿಳಿಯುವುದಿಲ್ಲ.

ಪಾಡವಾದ ಗದ್ದಲ ನಿನಗೆ ಗೊತ್ತೇ ಇದೆ. ಯುಗಾದಿ ದಿನ ಮೆರವಣಿಗೆಯಲ್ಲಿ ಬುಲೆಟ್ ಓಡಿಸುವ ಹುಡುಗಿಯರು, ಢೋಲು ಬಡಿಯುವ ಹುಡುಗಿಯರು, ಬ್ಯಾಂಕಿನ ಹೆಂಗಸರು, ಎಲ್ಲರಿಗೂ ಒಂಬತ್ತು ಗಜದ ಕಚ್ಚೆ ಸೀರೆ ಬೇಕು. ಅದೂ ಹೊಲಿದದ್ದು ಬೇಕು, ಪ್ಯಾಂಟಿನಂತೆ ಕಾಲು ತೂರಿಸಿ ಹುಕ್ಕು ಹಾಕಿಕೊಂಡರೆ ಮುಗಿಯಬೇಕು. ಈ ಸಲ ಯಾರಿಗೂ ಇಲ್ಲ ಅನ್ನಬಾರದೆಂದು ನಾನೇನು ಹರಕೆ ಹೊತ್ತಿರಲಿಲ್ಲ. ಆದರೆ ಎದುರಿಗೆ ಬಂದು ನಿಂತ ಹೆಣ್ಣುಮಕ್ಕಳ ಮುಖ ನೋಡಿದರೆ ನನ್ನ ಬಾಯಿಂದ "ಆಗಿಹೋಗ್ತದ" ಎನ್ನುವುದು ತಾನಾಗಿಯೇ ಉದುರುತ್ತದೆ. ಶೇವಂತಾಬಾಯಿ ಮೂಲೆಯಲ್ಲಿ ಕೂತು ಹುಕ್ಕು ಹಚ್ಚುತ್ತಲೇ ಅಂದಳು: "ಕುಮುದಬಾಯಿ, ಇವೆಲ್ಲಾ ಆಮ್ಯಾಲ ಹಚ್ಚತೀನಿ. ಮೊದಲ ನಿಮ್ಮ ಬಾಯಿಗಿ ಒಂದು ಹುಕ್ ಹಚ್ಚಲೇನು?"

ಪಾಡವಾದ ಬೆಳಿಗ್ಗೆ ಏನಾಯಿತು ಗೊತ್ತೇ? ಬಾಬಾ ಬಾಗಿಲಿಗೆ ಹಬ್ಬದ ಬಾವುಟದ ಗುಡಿ ಏರಿಸಲು ಕೋಲು, ತಂಬಿಗೆ, ಬೇವಿನ ಟೊಂಗೆ ಎಲ್ಲಾ ಹಿಡಿದುಕೊಂಡು ನಿಂತರು, ಉಡಿಸಲು ಹೊಸ ಖಣ ಇಲ್ಲ. ಬಟ್ಟೆಯ ರಾಶಿಯ ಮೇಲೆ ಕೂತಿರುವ ಮನೆಯಲ್ಲಿ ಒಂದು ಗೇಣು ನಮ್ಮದು ಅನ್ನುವ ಬಟ್ಟೆ ಇಲ್ಲ! ಕೊನೆಗೆ ಯಾರೋ ಗಿರಾಕಿಯ ಹಸಿರು ಖಣ ಏರಿಸಿದೆವು. ಮಧ್ಯಾಹ್ನ ಇಳಿಸಿ, ಇಸ್ತ್ರಿ ಮಾಡಿ, ರವಿಕೆ ಹೊಲಿದು ಕೊಟ್ಟೆ. ಆಕೆಗೆ ಇಂದಿಗೂ ಗೊತ್ತಿಲ್ಲ. ಪುಣ್ಯವಂತೆ, ದೇವರಿಗೆ ಉಡಿಸಿದ್ದನ್ನು ತೊಟ್ಟಳು.

ಮೆರವಣಿಗೆ ನಮ್ಮ ಗಲ್ಲಿಗೆ ಬಂದಾಗ ಬಾಲ್ಕನಿಗೆ ಹೋಗಿ ನಿಂತೆ. ಕೆಳಗೆ ನನ್ನ ಸೀರೆಗಳು ನಡೆದು ಹೋಗುತ್ತಿದ್ದವು. ಹುಡುಗಿಯರು ಚೆಂದ ಕಂಡರು, ಸುಳ್ಳು ಹೇಳುವುದಿಲ್ಲ. ಅವರ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ತಾಯಂದಿರು ನಡೆಯುತ್ತಿದ್ದರು, ಒಬ್ಬಳಿಗೂ ಒಂಬತ್ತು ಗಜ ಉಡಿಸಲು ಬರುವುದಿಲ್ಲ. ಬರುತ್ತಿದ್ದರೆ ನನ್ನ ಹತ್ತಿರ ಯಾಕೆ ಬರುತ್ತಿದ್ದರು? ಈ ಊರಿನ ಹೆಣ್ಣುಮಕ್ಕಳಿಗೆ ಉಡಿಸುವವರಿಲ್ಲ ಅಂತಲೇ ನಮ್ಮ ಮನೆಯ ಒಲೆ ಉರಿಯುತ್ತಿದೆ. ಮೊದಲ ಸಲ ಒಂಬತ್ತು ಗಜದ ಸೀರೆಗೆ ಕತ್ತರಿ ಹಾಕಿದ ದಿನ ನಿನ್ನ ಅಜ್ಜಿ ಎದ್ದು ಆಚೆ ಹೋಗಿದ್ದಳು. "ಉಡೂ ಸೀರಿಗಿ ಕತ್ತರಿ ಹಾಕಿದ ಮನಿ ಇದು" ಎಂದು ಮೂರು ದಿನ ನನ್ನ ಕೈಯಿಂದ ನೀರು ಮುಟ್ಟಲಿಲ್ಲ.

ಅಲ್ಲೇ ಬಾಲ್ಕನಿಯಲ್ಲಿ ನಿಂತಾಗ ನನಗೆ ಅನಿಸಿತು, ನನ್ನ ಮಗಳಿಗೆ ಉಡಿಸುವವಳು ಇದ್ದಾಳಲ್ಲ! ವೈಶಾಖದಲ್ಲಿ ಅವಳ ಲಗ್ನ. ಅಂತರಪಟ ಹಿಡಿಯುವ ಮುಂಚೆ ಅವಳ ಮಾಮಾ ಕೊಟ್ಟ ಹಳದಿ ಸೀರೆಯನ್ನು ನಾನೇ ಉಡಿಸಬೇಕು. ಕತ್ತರಿ ಇಲ್ಲ, ಸೂಜಿ ಇಲ್ಲ, ಹುಕ್ಕು ಇಲ್ಲ. ನನಗೆ ನನ್ನ ಆಯಿ ಹಾಗೇ ಉಡಿಸಿದ್ದಳು. ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು, "ಹೊಟ್ಟಿ ಒಳಗ ಎಳಕೋ, ತಿರುಗು, ಈಗ ಉಸಿರು ಬಿಡು", ಅಷ್ಟು ಬಿಟ್ಟರೆ ಆವತ್ತು ಬೆಳಿಗ್ಗೆ ಆಕೆ ನನ್ನ ಜೊತೆ ಬೇರೆ ಮಾತೇ ಆಡಲಿಲ್ಲ. ಆಡಿದ್ದರೆ ಅತ್ತುಬಿಡುತ್ತಿದ್ದಳು. ಗಂಡನ ಮನೆಗೆ ಹೋಗುವಾಗ ನಾನು ಒಯ್ದದ್ದು ಆ ಕೈಯ ಬಿಗಿ, ಮತ್ತೇನು ಒಯ್ದೆ ಅಂತ ನೆನಪೂ ಇಲ್ಲ.

ಆದರೆ ನಿನ್ನ ಲಗ್ನದ ವಾರವೇ ಊರಿನ ಅರ್ಧ ಲಗ್ನಗಳು. ಅಂಗಡಿ ತೆರೆದಿದ್ದರೆ ಆವತ್ತು ಬೆಳಿಗ್ಗೆ ನಾನು ಎಲ್ಲಿರುತ್ತೇನೆ ಅಂತ ನನಗೆ ಚೆನ್ನಾಗಿ ಗೊತ್ತು. ಯಾರದೋ ಮಂಟಪದ ಹಿಂದಿನ ಕೋಣೆಯಲ್ಲಿ, ಯಾರದೋ ಮಗಳ ಸೊಂಟದ ಪಟ್ಟಿ ಬಿಚ್ಚಿ ಹೊಲಿಯುತ್ತ. ಊರಿಗೆ ಉಪಕಾರಿ, ಮನೆಗೆ ಮಾರಿ. ಅದಕ್ಕೇ ನಿಶ್ಚಯ ಮಾಡಿದೆ, ಲಗ್ನ ಮುಗಿಯುವವರೆಗೆ ಅಂಗಡಿ ಬೇಡ.

ಆ ಸಂಜೆಯೇ ನಿನಗೆ ಫೋನು ಮಾಡಿದೆ. ನೀನು ಬಾರಾಮತಿಯ ಯಾವುದೋ ಕೊಟ್ಟಿಗೆಯಲ್ಲಿ ಆಕಳು ಈಯಿಸುತ್ತಿದ್ದೆ. ಅಲ್ಲಿ ಆಕಳು ಒದರುತ್ತಿತ್ತು, ಇಲ್ಲಿ ಕೆಳಗೆ ಢೋಲು ಒದರುತ್ತಿತ್ತು. ಉದ್ದಕ್ಕೆ ಹೇಳುವಂತಿರಲಿಲ್ಲ. "ಕೇತಕಿ, ನಿನ್ನ ಲಗ್ನದ ಸಲುವಾಗಿ ಅಂಗಡಿ ಹೆಚ್ಚಿಸೂದು ಅಂತ ಮಾಡೇನಿ" ಅಂದೆ. ನೀನು "ಖರೇನಾ ಆಯಿ? ನನ್ನ ಆಣಿ?" ಎಂದು ಕಿರುಚಿದೆ. "ಖರೇನ" ಅಂದೆ. ಅಲ್ಲಿದ್ದವರಿಗೆಲ್ಲ ನೀನು ಕೂಗಿ ಹೇಳಿದ್ದೂ ಕೇಳಿಸಿತು. ನೋಡು, ಹುಡುಗಿಗೆ ಎಷ್ಟು ಆಸೆ ಇತ್ತು, ಬಾಯಿಬಿಟ್ಟು ಕೇಳಿರಲಿಲ್ಲ ಎಂದುಕೊಂಡೆ. ಬಾಬಾಗೆ ಹೇಳಿದೆ: "ನಾ ಮನ್ಯಾಗ ಇರ್ತೀನಿ ಅಂದಿದ್ದಕ್ಕ ಎಷ್ಟ್ ಕುಣದಾಡಿದ್ಳು ನೋಡ್ರಿ." ಅವರೂ ಕಣ್ಣೊರೆಸಿಕೊಂಡರು, ಆಮೇಲೆ ಕಣ್ಣಿಗೆ ಬೇವಿನ ಹೂವಿನ ಧೂಳು ಬಿತ್ತು ಎಂದರು.

ತಾಳು, ಬಾಗಿಲು ಬಡಿದರು.

ಮಂಗಳವಾರ.

ಬಾಗಿಲು ಬಡಿದವರು ಹೋದರು, ಅವರ ಹಿಂದೆ ಬಂದವರು ಹೋದರು, ಅವರ ಹಿಂದೆ ಬಂದವರು ಇನ್ನೂ ಇದ್ದಾರೆ. ಪೆನ್ನೂ ಬದಲಾಗಿದೆ, ಗುರುತು ಹಾಕುವ ನೀಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ತೊಳೆದರೆ ಹೋಗುತ್ತದೆ, ಮಳೆಯಲ್ಲಿ ಓದಬೇಡ.

ಎಲ್ಲಿದ್ದೆ? ಹಾಂ, ಹೆಚ್ಚಿಸುವ ಮಾತು.

ಬಳೆ ಒಡೆಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು ಎಂದು ಅಜ್ಜಿ ನಿನಗೆ ಎಷ್ಟು ಸಲ ಗದರಿದ್ದಾಳೆ, ನೆನಪಿದೆಯಲ್ಲ? ದೀಪ ಆರಿಸಿದೆ ಎಂದು ನಾಲಿಗೆಯ ಮೇಲೆ ತರಬಾರದು. ಹಾಗೆಯೇ ಲಕ್ಷ್ಮಿ ಕೂತ ಜಾಗವನ್ನು ಮುಚ್ಚಿದೆ ಅನ್ನಬಾರದು, ಹೆಚ್ಚಿಸಿದೆ ಅನ್ನಬೇಕು. ಸಂಜೆ ಬಾಗಿಲು ಎಳೆದರೂ ಅಂಗಡಿ ಹೆಚ್ಚಿಸಿದೆ, ಕಾಯಂ ಬೀಗ ಜಡಿದರೂ ಅಂಗಡಿ ಹೆಚ್ಚಿಸಿದೆ. ಮೂವತ್ತು ವರ್ಷದಿಂದ ನಮ್ಮ ಬಜಾರಿನಲ್ಲಿ ಎಲ್ಲರೂ ಹೀಗೇ ಆಡುತ್ತಾರೆ. ನಾನು ಮುಚ್ಚುತ್ತೇನೆ ಅಂದೆ ತಾಯಿ. ನೀನು ದೊಡ್ಡದು ಮಾಡುತ್ತೇನೆ ಅಂತ ತಿಳಿದೆ.

ತಿಳಿದದ್ದು ತಿಳಿದೆ, ಹೊಟ್ಟೆಯಲ್ಲಿ ಇಟ್ಟುಕೊಂಡೆಯಾ? ಮರುದಿನ ಬೆಳಗಾಗುವಷ್ಟರಲ್ಲಿ ನನ್ನ ಫೋಟೋ ಹಾಕಿ ಊರಿಗೆಲ್ಲ ಡಂಗುರ ಹೊಡೆದೆ: "ನಮ್ಮ ಆಯಿ ಅಂಗಡಿ ಹೆಚ್ಚಿಸ್ತಾಳ! ಎಲ್ಲಾರೂ ಬರ್ರಿ!" ಫೋಟೋದಲ್ಲಿ ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನಗುತ್ತಿದ್ದೇನೆ. ಅದಕ್ಕಿಂತ ಒಳ್ಳೇದು ಸಿಗಲಿಲ್ಲವೇ ನಿನಗೆ?

ಎಲ್ಲರೂ ಬಂದರು. ಮೊದಲು ನೆರೆಮನೆಯ ಲಿಮಯೆ ಅಜ್ಜಿ ಬಂದಳು, ಒಂದು ಡಬ್ಬಿ ಸಾಬೂದಾಣಿ ಖಿಚಡಿ ಹಿಡಿದುಕೊಂಡು. ಸಾವಾದ ಮನೆಗೆ ಬಂದವಳ ಹಾಗೆ ಸೆರಗು ಹೊದ್ದು ನನ್ನ ಕೈ ಹಿಡಿದಳು. "ಏನಾತು ಕುಮುದ? ಮೈಯಾಗ ಏನರೆ ಹೆಚ್ಚುಕಡಿಮಿ ಅದ ಏನು? ಮಗಳ ಲಗ್ನ ಮುಂದ ಇಟಗೊಂಡು ಅಂಗಡಿ ಹೆಚ್ಚಿಸೂದಂದ್ರ ಏನವ್ವಾ!" ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆಯ ಬೆನ್ನ ಹಿಂದಿನಿಂದ ಇಬ್ಬರು ಕಾಲೇಜು ಹುಡುಗಿಯರು ಬಟ್ಟೆಯ ಚೀಲ ಹಿಡಿದು ನುಗ್ಗಿದರು. "ಕಾಕು! ಹೊಸಾ ಅಂಗಡಿಯೊಳಗ ಮೊದಲನೇ ಆರ್ಡರ್ ನಮ್ಮದ! ಪೇಢಾ ಎಲ್ಲಿ?"

ಅಜ್ಜಿ ಅವರನ್ನು ಸುಟ್ಟುಬಿಡುವ ಹಾಗೆ ನೋಡಿದಳು. "ನಾಚಿಕಿ ಇಲ್ಲೇನ್ರೇ? ಆಕಿ ಅಂಗಡಿ ಹೆಚ್ಚಿಸ್ಲಿಕ್ಕತ್ತಾಳ, ನೀವು ಪೇಢಾ ಕೇಳ್ತೀರಿ?"

"ಹೆಚ್ಚಿಸಿದ್ರ ಪೇಢಾ ಕೇಳಬೇಕಲ್ಲ ಅಜ್ಜಿ!"

"ಕಲಿಯುಗ" ಎಂದಳು ಅಜ್ಜಿ. ಡಬ್ಬಿ ಅಲ್ಲೇ ಇಟ್ಟು ಹೋದಳು. ಆ ಹುಡುಗಿಯರು ಖಿಚಡಿಯನ್ನೇ ಪೇಢಾ ಅಂತ ತಿಂದರು.

ಇಡೀ ದಿನ ಇದೇ ನಡೆಯಿತು. ಐವತ್ತು ದಾಟಿದವರು ಸಮಾಧಾನ ಹೇಳಲು ಬಂದರು, ಅದರ ಕೆಳಗಿನವರು ಬಟ್ಟೆ ತಂದರು. ನಿನ್ನ ಬಾಬಾ ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಮಜಾ ನೋಡಿದರು. "ಅರ್ಧ ಊರು ಅಳಲಿಕ್ಕ ಬಂತು, ಅರ್ಧ ಊರು ಅಳತಿ ಕೊಡಲಿಕ್ಕ ಬಂತು" ಎಂದು ಎದುರು ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ, ಇನ್ನೂ ನಿಲ್ಲಿಸಿಲ್ಲ. ನನಗೆ ನಗು ಬರಲಿಲ್ಲ. ಅಳತೆಗಳನ್ನು ಬರೆದುಕೊಂಡೆ. ಯಾಕೆ ಬರೆದುಕೊಂಡೆ ಅಂತ ಕೇಳಬೇಡ. ಟೇಪು ಕೊರಳಲ್ಲಿತ್ತು, ಹುಡುಗಿ ಎದುರಿಗಿದ್ದಳು.

ಆದರೂ ಆವತ್ತೇ ನಿನಗೆ ಫೋನು ಮಾಡಿ, ಹುಚ್ಚಿ, ನಾನು ಹೇಳಿದ್ದು ಹಾಗಲ್ಲ ಎಂದು ಹೇಳುವವಳಿದ್ದೆ. ದೇವರಾಣೆ ಹೇಳುವವಳಿದ್ದೆ. ಅಷ್ಟರಲ್ಲಿ ಟೆಂಪೋ ಬಂದು ನಿಂತಿತು. ಎರಡು ಹೊಸ ಮಶೀನು, ಕರೆಂಟಿನವು, ಒಂದೊಂದಕ್ಕೂ ಕೆಂಪು ರಿಬ್ಬನ್ನು. ನಿನ್ನ ಫೋನೂ ಅದರ ಬೆನ್ನಿಗೇ ಬಂತು. "ಆಯಿ, ಇನ್ನ ಕಾಲ್ಲೆ ತುಳಿಯೂದು ಬ್ಯಾಡ. ಬರೇ ಬಟನ್ ಒತ್ತು. ನಾ ಉಳಿಸಿದ್ದು ಎಲ್ಲಾ ಅದರಾಗ ಹಾಕೇನಿ, ಲಗ್ನಕ್ಕ ಬಂಗಾರ ಬ್ಯಾಡ ನನಗ." ಅಷ್ಟು ಹೇಳಿ ನೀನು ಅಳತೊಡಗಿದೆ. ಈಗ ಹೇಳು, ಆ ಹೊತ್ತಿನಲ್ಲಿ ನಾನು ಹೇಗೆ ಹೇಳಲಿ? ನುಂಗಲಾರದ ಉಗುಳಲಾರದ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು, "ಭಾಳ ಚಲೋ ಅವ ಮಗಳ" ಅಂದೆ. ಅದಕ್ಕೇ ನೀನು ಕೇಳಿದ್ದು, ಸಂತೋಷ ಆಗಿಲ್ಲವೇ ಎಂದು. ನನ್ನ ದನಿ ನಿನಗೆ ಗೊತ್ತಾಗುತ್ತದೆ. ಮೂಕಪ್ರಾಣಿಗಳ ಹೊಟ್ಟೆನೋವು ತಿಳಿಯುವ ಡಾಕ್ಟರು ನೀನು, ಆಯಿಯದು ತಿಳಿಯದೇ?

ಮಶೀನು ಇಡಲು ಜಾಗ ಬೇಕಲ್ಲ? ಪಕ್ಕದ ಝೆರಾಕ್ಸ್ ಅಂಗಡಿಯ ಬೋರ್ಕರನ ಜೊತೆ ನೀನು ಮಾತಾಡಿಯೇ ಬಿಟ್ಟಿದ್ದೆ. ಅವನಿಗೂ ಅಂಗಡಿ ಬಿಡುವುದಿತ್ತು, ನಿನ್ನ ಫೋನು ದೇವರ ಪ್ರಸಾದದಂತೆ ಬಂತು. "ವಹಿನಿ, ನಾ ನನ್ನ ಅಂಗಡಿ ಹೆಚ್ಚಿಸೇನಿ, ನೀವು ನಿಮ್ಮದು ಹೆಚ್ಚಿಸ್ರಿ" ಎಂದ. ಅವನ ಹೆಚ್ಚಿಸುವುದು ಹಳೇ ಅರ್ಥದ್ದು, ನನ್ನದು ಹೊಸ ಅರ್ಥದ್ದು. ಮರುದಿನವೇ ಗೌಂಡಿಯನ್ನು ಕಳಿಸಿದ. ಗೌಂಡಿ ಸುತ್ತಿಗೆ ಎತ್ತಿ, "ಬಾಯಾರ, ಗೋಡಿ ಒಡೀಲೇನ್ರಿ?" ಎಂದ. ನನ್ನ ಬಾಯಲ್ಲಿ ಏನು ಬಂದಿರಬೇಕು ಊಹಿಸು. "ಆಗಿಹೋಗ್ತದ" ಅಂದೆ! ಶೇವಂತಾಬಾಯಿ ಹಣೆ ಚಚ್ಚಿಕೊಂಡಳು.

ಈಗ ಗೋಡೆಯಲ್ಲಿ ಆಳೆತ್ತರದ ಕಿಂಡಿ ಇದೆ. ಮೊದಲು ಗಿರಾಕಿಗಳು ಒಂದು ಬಾಗಿಲಿಂದ ಬರುತ್ತಿದ್ದರು, ಈಗ ಎರಡು ಕಡೆಯಿಂದ ಬರುತ್ತಾರೆ. ಸುಣ್ಣದ ಧೂಳು ಇಳಿಯುತ್ತಲೇ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಮೊನ್ನೆ ಸೆರಗನ್ನು ತಿರುಗಾಮುರುಗಾ ಹೊಲಿದಳು, ನವಿಲುಗಳೆಲ್ಲ ತಲೆಕೆಳಗಾಗಿ ಶೀರ್ಷಾಸನ ಹಾಕಿದ್ದವು. ಬಿಚ್ಚಿ ಮತ್ತೆ ಹೊಲಿದೆ. "ಇರಲಿ ಬಿಡ್ರಿ ಕಾಕು, ಮದಲಗಿತ್ತಿ ಬಗ್ಗಿ ನಮಸ್ಕಾರ ಮಾಡಿದಾಗ ಸರಿ ಕಾಣ್ತಾವ" ಎಂದಳು. ಸಿಟ್ಟು ಬರಬೇಕಿತ್ತು, ಸಿಟ್ಟಾಗಲು ಕೂಡ ನಿಂತು ಉಸಿರು ತೆಗೆದುಕೊಳ್ಳಬೇಕಲ್ಲ.

ನಿಂತರೆ ಕೂರಬೇಕು ಅನಿಸುತ್ತದೆ. ಕೂತರೆ 'ಏನೋ ಮರೆತೆ, ಏನೋ ಮರೆತೆ' ಎಂದು ಮನಸ್ಸು ಹಾರುತ್ತದೆ. ಬೇಳೆಗೆ ಒಗ್ಗರಣೆ ಹಾಕುತ್ತ ನಿಂತವಳು ಒಲೆ ಉರಿಯುತ್ತಿರುವಾಗಲೇ ಹೋಗಿ ಕಚ್ಚೆಯ ಅಂಚು ಮಡಚುತ್ತೇನೆ. ಮೊನ್ನೆ ದೇವರ ಮುಂದೆ ಊದಿನಕಡ್ಡಿ ಹಚ್ಚಿ ಕೈ ಮುಗಿದವಳು, ಗಣಪತಿಗೆ "ಗುರುವಾರಕ್ಕ ಆಗಿಹೋಗ್ತದ" ಅಂದೆ. ಬಾಬಾ ಕೇಳಿಸಿಕೊಂಡರು. "ಆಂವ ಏನೂ ಆರ್ಡರ್ ಕೊಟ್ಟಿಲ್ಲ, ಸ್ವಲ್ಪ ಸುಮ್ನಿರು" ಎಂದರು. ಆಮೇಲೆ ಒಂದು ಲೋಟ ನೀರು ತಂದುಕೊಟ್ಟರು. ಅದನ್ನು ಎಲ್ಲಿ ಇಟ್ಟೆ ಅಂತ ಇನ್ನೂ ಹುಡುಕುತ್ತಿದ್ದೇನೆ.

ಇದೆಲ್ಲ ನಿನ್ನನ್ನು ಬಯ್ಯಲಿಕ್ಕೆ ಬರೆದದ್ದಲ್ಲ. ಹಾಗೆ ಓದಬೇಡ. ಅಂಗಡಿ ದೊಡ್ಡದಾಗಿದೆ, ಆಗಲಿ. ಮಶೀನು ಚೆನ್ನಾಗಿ ಓಡುತ್ತಿದೆ, ಮೊಣಕಾಲು ನೋವು ಕಡಿಮೆಯಾಗಿದೆ, ಅದೂ ಖರೆ. ಒಪ್ಪಿಕೊಂಡ ಮದುಮಕ್ಕಳನ್ನು ನಡುನೀರಿನಲ್ಲಿ ಬಿಡಲಾಗದು. ಹೀಗಾಗಿ ಮುಚ್ಚುವ ಮಾತು ಇನ್ನು ಎತ್ತುವುದಿಲ್ಲ. ಆದರೆ ಒಂದೇ ಒಂದು ಕೇಳುತ್ತೇನೆ, ಅದಕ್ಕೇ ಇಷ್ಟುದ್ದ ಪುರಾಣ.

ನಿನ್ನ ಲಗ್ನದ ಬೆಳಿಗ್ಗೆ ನನ್ನದು. ಅಷ್ಟು ಕೊಡು. ಆವತ್ತು ಪ್ರಪಂಚ ಮುಳುಗಿದರೂ ನಾನು ಕತ್ತರಿ ಮುಟ್ಟುವುದಿಲ್ಲ. ಶೇವಂತಾಬಾಯಿಯನ್ನು ಅಂಗಡಿಯ ಬಾಗಿಲಲ್ಲಿ ಕೂರಿಸುತ್ತೇನೆ. "ಯಾರರೆ ಬಂದ್ರ ಏನ್ ಹೇಳ್ಲಿ? ಕುಮುದಬಾಯಿ ಹೆಚ್ಚ್ಯಾರ ಅಂತ ಹೇಳ್ಲೇನು?" ಎಂದು ಕೇಳಿದಳು. "ಹಂಗ ಹೇಳಿದ್ರ ಮಂದಿ ಹಾರ ತಗೊಂಡು ಬರ್ತಾರ" ಎಂದರು ಬಾಬಾ. ಇಬ್ಬರೂ ಸೇರಿ ನಕ್ಕದ್ದೇ ನಕ್ಕದ್ದು.

ನೀನು ರವಿಕೆಗೆ ಬಣ್ಣ ಹೊಂದಿಸಲು ಒಯ್ದ ಹಳದಿ ಸೀರೆಯನ್ನು ಬರುವಾಗ ಮರೆಯದೆ ತಾ. ಒಂದೆರಡು ದಿನ ಮುಂಚೆ ತಂದರೆ ಒಳ್ಳೇದು. ನೀರಿಗೆ ಹಾಕಿ ಗಂಜಿ ಬಿಡಿಸಿ ನೆರಳಿಗೆ ಒಣಗಿಸಬೇಕು, ಹೊಸ ಸೀರೆ ಹೇಳಿದ ಮಾತು ಕೇಳುವುದಿಲ್ಲ. ನನ್ನ ಕೈಗೂ ಸ್ವಲ್ಪ ರೂಢಿ ಬೇಕು, ಉಡಿಸಿ ಎಷ್ಟು ವರ್ಷವಾಯಿತೋ. ನಿನ್ನೆ ಶೇವಂತಾಬಾಯಿಯನ್ನು ನಿಲ್ಲಿಸಿ ಉಡಿಸಿ ನೋಡಿದೆ. "ಕಚಗುಳಿ ಆಗ್ತದ್ರಿ" ಎಂದು ಓಡಿಹೋದಳು.

ನಚಿಕೇತನಿಗೆ ಆಶೀರ್ವಾದ ಹೇಳು. ಅವರ ಮನೆಯವರಿಗೆ ನಮಸ್ಕಾರ. ಕೊಟ್ಟಿಗೆಯಿಂದ ಬಂದವಳು ಮೊಣಕೈಯವರೆಗೆ ತೊಳೆದುಕೊಂಡು ಊಟಕ್ಕೆ ಕೂಡು. ಆವತ್ತು ಈದ ಆಕಳಿಗೆ ಹೆಣ್ಣುಗರುವೋ ಗಂಡುಗರುವೋ, ಬಾಬಾ ದಿನಾ ಕೇಳುತ್ತಾರೆ. ನಿನ್ನ ಕೈಗುಣ ಹೀಗೇ ಇರಲಿ, ನಿನ್ನ ಮನೆ ತುಂಬಿರಲಿ, ನೀನು ಎಲ್ಲಿದ್ದರೂ ಎರಡು ಹೊತ್ತು ಬಿಸಿ ಅನ್ನ ನಿನ್ನ ಮುಂದೆ ಬರಲಿ.

ನಿನ್ನ,
ಆಯಿ

ತಾ.ಕ.: ಗುರುವಾರ. ಕಾಗದವನ್ನು ಪಾಕೀಟಿಗೆ ಹಾಕಿ ಅಂಟು ಹಚ್ಚುವುದೊಂದು ಉಳಿದಿತ್ತು. ಈಗ ಬರೆಯುವುದನ್ನು ಬರೆಯಬೇಡ ಎಂದು ಬಾಬಾ ಹೇಳಿದರು. ಬರೆಯುತ್ತಿದ್ದೇನೆ.

ಠಾಣೆ ಊರಿನ ಪೊಂಕ್ಷೆಬಾಯಿ ಗೊತ್ತಲ್ಲ, ನಮ್ಮಂಥದೇ ಅಂಗಡಿ ಇಟ್ಟವಳು. ಕೈ ಮೀರಿದಾಗ ಗಿರಾಕಿಗೆ ತಿಳಿಯದ ಹಾಗೆ ಒಬ್ಬರ ಕೆಲಸದ ಗಂಟು ಇನ್ನೊಬ್ಬರಿಗೆ ಕಳಿಸುವುದು ನಮ್ಮ ಧಂದೆಯವರಲ್ಲಿ ಇದ್ದದ್ದೇ. ನಿನ್ನೆ ಅವಳ ಗಂಟು ಬಂತು. ನನಗೇ ಹೊರೆಯಾಗಿರುವಾಗ ಅವಳದ್ದನ್ನು ಯಾಕೆ ತೆಗೆದುಕೊಂಡೆ ಅಂತ ಶೇವಂತಾಬಾಯಿ ಬಯ್ದದ್ದು ಬೇರೆ ಮಾತು. ಬಿಚ್ಚಿದೆ. ನೇರಳೆಯದೊಂದು, ಗಿಣಿಹಸಿರಿನದೊಂದು, ಅದರ ಕೆಳಗೆ ಹಳದಿ. ಹಳದಿಗೆ ಹಸಿರು ಅಂಚು. ಊರಲ್ಲಿ ಅಂಥವು ನೂರಿವೆ ಎಂದುಕೊಂಡೆ. ಮಡಿಕೆ ಬಿಡಿಸಿದರೆ ಮೂಲೆಯಲ್ಲಿ ಅರಿಶಿನ ಕುಂಕುಮದ ಬೊಟ್ಟು, ಕುಂಕುಮ ಸ್ವಲ್ಪ ಎಡಕ್ಕೆ ಸರಿದು ಹರಡಿಕೊಂಡದ್ದು. ಸಂಕ್ರಾಂತಿಯಂದು ದೇವರ ಮುಂದಿಟ್ಟು ನಾನೇ ಹಚ್ಚಿದ್ದು, ನಿನ್ನ ಮಾಮಾ ಆಗ ನನ್ನ ಮೊಣಕೈ ತಾಗಿಸಿದ್ದ.

ಮೊದಲು ಸಿಟ್ಟೇ ಬಂತು, ಯಾಕೆ ಮುಚ್ಚಿಡಲಿ. ಊರಿಗೆಲ್ಲ ಹೊಲಿಯುವವಳ ಮಗಳು ಠಾಣೆಗೆ ಹೋದಳೇ? ಠಾಣೆಯತನಕ ಬಂದವಳು ಮನೆಗೆ ಬರಲಿಲ್ಲವೇ? ಪೊಂಕ್ಷೆಬಾಯಿಗೆ ಫೋನು ಹಚ್ಚಿದೆ. ಯಾರ ಸೀರೆ ಅಂತ ಅವಳಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ. ಅಳತೆ ತಿಳಿಯಲಿಲ್ಲ ಅಂತ ನೆವ ಮಾಡಿ ಕೇಳಿದೆ. ಅವಳು ತಾನಾಗಿಯೇ ಶುರು ಮಾಡಿದಳು.

"ಆ ಹುಡುಗಿ ಭಾಳ ಗುಣವಂತಿ ಅದಾಳ್ರಿ. ನನಗ ಹೇಳಿದ್ಳು, 'ನಮ್ಮ ಆಯಿಗಿ ಉಸಿರು ಬಿಡಲಿಕ್ಕ ಪುರಸೊತ್ತಿಲ್ಲ. ನನ್ನ ಲಗ್ನದ ದಿನಾನರೆ ಆಕಿ ಕೈಯಾಗ ಸೀರಿ ಇರಬಾರದು. ಆಕಿ ಸುಮ್ನ ಕುಂತು ಒಂದು ಕಪ್ ಚಹಾ ಕುಡೀಲಿ. ನಾ ಪ್ಯಾಂಟ್ ಹಾಕ್ಕೊಂಡಂಗ ಹಾಕ್ಕೊಂಡು ಆಕಿ ಮುಂದ ಹೋಗಿ ನಿಂದರ್ತೀನಿ' ಅಂತ. ಎಂಥಾ ಮಗಳು ನೋಡ್ರಿ ಕುಮುದಬಾಯಿ! ನಮ್ಮ ಹೊಟ್ಟ್ಯಾಗ ಹಿಂಥಾವು ಯಾಕ ಹುಟ್ಟಲಿಲ್ಲ?"

"ಹೌದ್ರಿ, ಪುಣ್ಯಾ ಮಾಡಿರಬೇಕು ಆಕಿ ತಾಯಿ" ಅಂದೆ. ಫೋನು ಇಟ್ಟೆ. ಹೊಸ ಮಶೀನಿನ ಮುಂದೆ ಕೂತು ಅತ್ತುಬಿಟ್ಟೆ ಕೇತಕಿ. ಅಂಗಡಿ ತುಂಬ ಜನ ಇದ್ದರು. ಸುಣ್ಣದ ಧೂಳು ಅಂತ ಯಾರಿಗೂ ಹೇಳಲಿಲ್ಲ, ಅಳುತ್ತಿದ್ದೇನೆ ಅಂತಲೇ ಹೇಳಿದೆ.

ಆಮೇಲೆ ಹೊಲಿದೆ. ಹಳದಿಗೂ ಕತ್ತರಿ ಹಾಕಿದೆ, ನಿನ್ನ ಮಾತು ಕೆಡಬಾರದು. ಸೊಂಟದ ಪಟ್ಟಿ ಹೊಲಿದೆ, ಮುಂದಿನ ನಿರಿಗೆಗಳನ್ನು ಒಂದರ ಮೇಲೊಂದು ಕೂರಿಸಿದೆ, ಹುಕ್ಕು ಹಚ್ಚಿದೆ. ಪ್ಯಾಂಟು ಹಾಕಿದಂತೆ ಹಾಕಿಕೊಳ್ಳಬಹುದು. ಹಿಂದಿನ ಕಚ್ಚೆಯನ್ನು ಮಾತ್ರ ಹೊಲಿದಿಲ್ಲ, ಹಾಗೇ ಬಿಟ್ಟಿದ್ದೇನೆ. ಅದನ್ನು ಹಿಂದೆ ಕೈ ಹಾಕಿ ನೀನೊಬ್ಬಳೇ ಸಿಕ್ಕಿಸಿಕೊಳ್ಳಲಾರೆ, ಬೆನ್ನ ಹಿಂದೆ ಯಾರಾದರೂ ನಿಲ್ಲಲೇಬೇಕು. ಕೆಲಸ ಅರ್ಧಕ್ಕೆ ಬಿಟ್ಟಿದ್ದೀರಿ ಎಂದು ಪೊಂಕ್ಷೆಬಾಯಿ ವಾಪಸು ಕಳಿಸಿದರೆ ಮತ್ತೆ ಹಾಗೆಯೇ ಕಳಿಸುತ್ತೇನೆ.

ಅದೊಂದನ್ನು ನನಗೆ ಬಿಡು ಮಗಳೇ. ಚಹಾ ಆಮೇಲೆ ಕುಡಿಯುತ್ತೇನೆ.